ಮೂರು ವರ್ಷ ಮೆರೆದ ತೋಳ

ಅಜ್ಜಂಪುರ ತಾಲ್ಲೂಕು ಕೇಂದ್ರವಾದ ಮೇಲೆ ಒಮ್ಮೆ ಅಲ್ಲಿಗೆ ಹೋಗುವ ಕೆಲಸ ಬಂತು. ಬೀರೂರಿನಲ್ಲಿ ಹತ್ತಿದ ಬಸ್ಸು ಊರು ಮುಟ್ಟುವ ಮೊದಲು ರೈಲ್ವೆ ಗೇಟಿನಲ್ಲಿ ನಿಂತಿತು. ನಾನು ಕುಳಿತ ಕಿಟಕಿಯ ನೇರಕ್ಕೆ ಒಂದು ಶಾಲೆಯ ಕಾಂಪೌಂಡು ಗೋಡೆ. ಅದರ ಮೇಲೆ ಹೊಸದಾಗಿ ಬರೆಸಿದ ಪ್ರಾಣಿಗಳ ಸಾಲು: ಸಿಂಹ, ಘೇಂಡಾಮೃಗ, ಗೋಡೆಯ ಎತ್ತರ ಸಾಲದೆ ಕತ್ತು ಬಗ್ಗಿಸಿಕೊಂಡ ಜಿರಾಫೆ. ಕೆಳಗೆ ದಪ್ಪ ಅಕ್ಷರದಲ್ಲಿ, ನಮ್ಮ ಅಪರೂಪದ ಪ್ರಾಣಿಗಳನ್ನು ಉಳಿಸೋಣ ಎಂದಿತ್ತು. ಗೂಡ್ಸ್ ರೈಲು ಹಾದುಹೋಗುವವರೆಗೆ ಆ ಜಿರಾಫೆಯ ಮುಖವನ್ನೇ ನೋಡುತ್ತಿದ್ದೆ. ಇಷ್ಟು ವರ್ಷ ಕಳೆದರೂ ಹಳೆಯ ಸಿಟ್ಟು ಹಾಗೆಯೇ ಇತ್ತು.

ಪತ್ರಿಕೆಯ ಕೆಲಸಕ್ಕೆ ಸೇರುವ ಮೊದಲು, ಎಂಬತ್ತರ ದಶಕದ ಆರಂಭದಲ್ಲಿ, ಒಂದು ಶಾಲಾ ವರ್ಷ ನಾನು ಆ ಸೀಮೆಯಲ್ಲಿ ಮೇಷ್ಟ್ರಾಗಿದ್ದೆ. ಯಗಟಿಗೂ ಅಜ್ಜಂಪುರಕ್ಕೂ ನಡುವಿನ ಒಂದು ಹಳ್ಳಿ, ಅದರ ಮಿಡ್ಲ್ ಸ್ಕೂಲು. ತಾತ್ಕಾಲಿಕ ನೇಮಕ, ವಿಜ್ಞಾನ ಮತ್ತು ಸಮಾಜ ಪಾಠ. ಊರಿನ ಹೆಸರು ಬರೆಯುತ್ತಿಲ್ಲ. ಈ ಬರಹದಲ್ಲಿ ಬರುವವರ ಮಕ್ಕಳು ಮೊಮ್ಮಕ್ಕಳು ಅಲ್ಲೇ ಬಾಳುತ್ತಿದ್ದಾರೆ, ಆದ್ದರಿಂದ ಜನರ ಹೆಸರುಗಳನ್ನೂ ಬದಲಿಸಿದ್ದೇನೆ. ಉಳಿದದ್ದು ನಾನು ಕಂಡಂತೆ ಇದೆ. ಕಾಣದೆ ಕೇಳಿದ್ದನ್ನು ಕೇಳಿದ್ದು ಎಂದೇ ಹೇಳುತ್ತೇನೆ.

ಸ್ಕೂಲಿನ ಹಿಂದೆ ಎರಡು ರಾಗಿ ಹೊಲ, ಒಂದು ಕತ್ತಾಳೆ ಬೇಲಿ, ಅದರಾಚೆ ಕಾವಲು. ಮರವಿಲ್ಲದ ಹುಲ್ಲಿನ ಬಯಲನ್ನು ಅಲ್ಲಿ ಕಾವಲು ಎನ್ನುತ್ತಾರೆ. ರಾಜರ ಕಾಲದಲ್ಲಿ ಸರ್ಕಾರಿ ದನ ಮೇಯಲು ಬಿಟ್ಟ ಜಾಗ. ಅಲ್ಲಲ್ಲಿ ಜಾಲಿ, ಬೋರೆ ಗಿಡ, ಮಧ್ಯೆ ಒಂದು ಮರಳಿನ ಹಳ್ಳ. ನಾನು ಹೋದದ್ದು ಜೂನ್‌ನಲ್ಲಿ. ಆಷಾಢದ ಗಾಳಿ ಶುರುವಾದ ಮೇಲೆ ಕಾವಲಿನ ಕಡೆಯ ಕಿಟಕಿಗಳನ್ನು ಗೋಣಿತಾಟು ಕಟ್ಟಿ ಮುಚ್ಚಬೇಕಾಗುತ್ತಿತ್ತು, ಇಲ್ಲದಿದ್ದರೆ ಕರಿಹಲಗೆಯ ಮೇಲೆ ಬರೆದದ್ದು ದೂಳಿನಲ್ಲಿ ಮುಚ್ಚಿಹೋಗುತ್ತಿತ್ತು. ಮಕ್ಕಳಲ್ಲಿ ಹೆಚ್ಚಿನವರು ಒಣಬೇಸಾಯದವರು, ಕುರಿ ಸಾಕುವವರು. ಏಳನೇ ತರಗತಿಗೆ ಪಬ್ಲಿಕ್ ಪರೀಕ್ಷೆ. ಅದರಲ್ಲಿ ಪಾಸಾದವರು ಹೈಸ್ಕೂಲಿಗೆ, ಫೇಲಾದವರು ಹೊಲಕ್ಕೆ ಅಥವಾ ಕುರಿಯ ಹಿಂದೆ. ಹೆಣ್ಣುಮಕ್ಕಳ ಮಟ್ಟಿಗೆ ಎರಡನೇ ಅವಕಾಶ ಎನ್ನುವುದೇ ಇರಲಿಲ್ಲ. ಆ ವರ್ಷ ಏಳನೇ ತರಗತಿಯಲ್ಲಿ ಹೆಣ್ಣುಮಕ್ಕಳು ಕಡಿಮೆ. ಅವರಲ್ಲಿ ಕೆಂಚಮ್ಮ ಒಬ್ಬಳು. ಕುರಿ ಮಂದೆಯ ಹಾಲಪ್ಪನ ಮಗಳು.

ವಿಜ್ಞಾನದ ಪುಸ್ತಕದಲ್ಲಿ ಅಳಿವಿನ ಅಂಚಿನ ಪ್ರಾಣಿಗಳ ಬಗ್ಗೆ ಒಂದು ಪಾಠವಿತ್ತು. ಗುಜರಾತಿನ ಸಿಂಹ, ಅಸ್ಸಾಮಿನ ಘೇಂಡಾಮೃಗ, ಕಾಶ್ಮೀರದ ಜಿಂಕೆ. ಕಿಟಕಿಯ ಗೋಣಿತಾಟು ಎತ್ತಿದರೆ ಕಾಣುವ ಬಯಲಿನಲ್ಲಿ ಒಂದು ಕಾಲಕ್ಕೆ ಕೃಷ್ಣಮೃಗಗಳ ಹಿಂಡೇ ಇತ್ತು, ಎರ್ಲಡ್ಡು ಎನ್ನುವ ಭಾರಿ ಹಕ್ಕಿ ಇತ್ತು, ತೋಳ ಇತ್ತು. ಅವುಗಳ ಬಗ್ಗೆ ಒಂದು ಸಾಲೂ ಇರಲಿಲ್ಲ. ನಾನು ಪಾಠವನ್ನು ಪಕ್ಕಕ್ಕಿಟ್ಟು ಮಕ್ಕಳಿಗೆ ಒಂದು ಕೆಲಸ ಕೊಟ್ಟೆ. ಮನೆಯ ಅಜ್ಜನನ್ನು, ಅಪ್ಪನನ್ನು ಒಂದೇ ಪ್ರಶ್ನೆ ಕೇಳಿಕೊಂಡು ಬನ್ನಿ: ಈ ಮೂರನ್ನು ಕೊನೆಯ ಸಲ ನೋಡಿದ್ದು ಯಾವಾಗ, ಎಲ್ಲಿ. ಮಾರನೆಯ ದಿನದಿಂದ ಉತ್ತರಗಳು ಬಂದವು. ಅಜ್ಜಂದಿರು ಮೂರನ್ನೂ ನೋಡಿದ್ದರು. ಅಪ್ಪಂದಿರು ಕೃಷ್ಣಮೃಗವನ್ನು ನೋಡಿದ್ದರು, ಹಕ್ಕಿಯನ್ನು ನೋಡಿರಲಿಲ್ಲ. ಮಕ್ಕಳು ಒಂದನ್ನೂ ನೋಡಿರಲಿಲ್ಲ. ಆದರೆ ತೋಳದ ವಿಷಯಕ್ಕೆ ಬಂದರೆ ಎಲ್ಲರೂ ಬೇಕಾದಷ್ಟಿವೆ ಎನ್ನುತ್ತಿದ್ದರು. ಸ್ವತಃ ನೋಡಿದವರು ಯಾರೆಂದು ಒತ್ತಿ ಕೇಳಿದರೆ ಪಕ್ಕದ ಮನೆಯವರ ಹೆಸರು ಹೇಳುತ್ತಿದ್ದರು. ಕೆಂಚಮ್ಮನ ಸರದಿ ಬಂದಾಗ ಅವಳು, ‘ನಮ್ಮನೆ ಅಟ್ಟದ ಮೇಲೆ ಐತೆ ಸಾ’ ಅಂದಳು. ತರಗತಿ ನಕ್ಕಿತು, ನಾನೂ ನಕ್ಕೆ.

ಕೆಂಚಮ್ಮ ಸುಮ್ಮನೆ ತಲೆಯಾಡಿಸುವ ಹುಡುಗಿಯಲ್ಲ. ತೋಳವನ್ನು ಕೊಲ್ಲಬಾರದು, ಅದಕ್ಕೆ ಕಾನೂನೇ ಬಂದಿದೆ ಎಂದು ನಾನು ಹೇಳಿದ ದಿನ ಎದ್ದು ನಿಂತು, ತೋಳ ಉಳಿಸಿದರೆ ನಮ್ಮ ಕುರಿ ಯಾರು ಕೊಡುತ್ತಾರೆ ಎಂದು ಕೇಳಿದ್ದಳು. ಗೊತ್ತಿಲ್ಲ ಎಂದೇ ಹೇಳಿದೆ. ಆಮೇಲೆ ಬಹಳ ದಿನ ಅವಳು ಆ ಪಾಠವನ್ನು ಬಿಡಲಿಲ್ಲ. ತೋಳ ಎಷ್ಟು ಮರಿ ಹಾಕುತ್ತದೆ, ಒಂದೇ ಉಳಿದರೆ ಮರಿ ಹೇಗೆ, ಜಿಂಕೆ ಇಲ್ಲದಿದ್ದರೆ ಅದು ಕುರಿಗೆ ಬಾರದೆ ಏನು ಮಾಡೀತು. ಗೊತ್ತಿದ್ದಷ್ಟು ಹೇಳುತ್ತಿದ್ದೆ.

ಹೆಡ್‌ಮಾಸ್ಟರು ರುದ್ರಪ್ಪನವರಿಗೆ ಇದು ಹಿಡಿಸಲಿಲ್ಲ. ಅವರು ಅಜ್ಜಂಪುರದ ಈರುಳ್ಳಿ ವ್ಯಾಪಾರದ ಮನೆತನದವರು, ನಿವೃತ್ತಿಗೆ ಹತ್ತಿರವಾಗಿದ್ದವರು, ಗಣಿತದ ಒಳ್ಳೆಯ ಮೇಷ್ಟ್ರು. ಬೆಳಗಿನ ಬಸ್ಸು ತಪ್ಪಿದರೆ ಸೈಕಲ್ ತುಳಿದುಕೊಂಡು ಬರುತ್ತಿದ್ದರೇ ಹೊರತು ಒಂದು ದಿನವೂ ತಡ ಮಾಡಿದವರಲ್ಲ. ಪುಸ್ತಕದಲ್ಲಿ ಇಲ್ಲದ್ದನ್ನು ಕಲಿಸಿದರೆ ಪರೀಕ್ಷೆಯಲ್ಲಿ ಮಕ್ಕಳಿಗೆ ನಷ್ಟ ಎನ್ನುವುದು ಅವರ ಮೊದಲ ತಕರಾರು, ಅದರಲ್ಲಿ ನ್ಯಾಯವಿತ್ತು. ಎರಡನೆಯದು, ಕಲಿಸುತ್ತಿರುವುದು ಸುಳ್ಳು ಎನ್ನುವುದು.

‘ಏನ್ರೀ ಮೇಷ್ಟ್ರೇ, ತೋಳ ಕಮ್ಮಿಯಾಗಿವೆ ಅಂತೀರಿ. ಪ್ರತಿ ವರ್ಷ ನಾನೇ ಈ ಕೈಯಾರೆ ತೋಳಕ್ಕೆ ತೆಂಗಿನಕಾಯಿ ಒಡೀತೀನಿ. ಕಮ್ಮಿಯಾಗಿದ್ರೆ ವರ್ಷಕ್ಕೊಂದು ಎಲ್ಲಿಂದ ಬರ್ತಿತ್ತು?’

ಅವರು ಹೇಳಿದ್ದು ಆ ಕಡೆಯ ಒಂದು ಪದ್ಧತಿಯನ್ನು. ಮಂದೆಗೆ ಬಿದ್ದ ತೋಳವನ್ನು ಯಾರಾದರೂ ಹೊಡೆದರೆ ಅದರ ಚರ್ಮ ಬಿಡಿಸಿ, ಒಳಗೆ ಒಣಹುಲ್ಲು ತುಂಬಿ ಹೊಲಿದು, ಬಿದಿರಿನ ಗಳಕ್ಕೆ ಕಟ್ಟಿ, ಚೆಂಡುಹೂವಿನ ಹಾರ ಹಾಕಿ, ತಮಟೆ ಬಾರಿಸುತ್ತ ಊರೂರು ಮೆರೆಸುತ್ತಿದ್ದರು. ರಾಗಿ ಕಟಾವು ಮುಗಿದು ಕಣ ಎದ್ದ ಮೇಲೆ ಅದರ ಕಾಲ. ಕುರಿ ಇದ್ದ ಮನೆಯ ಹೆಂಗಸರು ಬಾಗಿಲಲ್ಲಿ ಆರತಿ ಎತ್ತಿ ರಾಗಿ, ಕಾಯಿ, ಒಂದು ಹಿಡಿ ಉಣ್ಣೆ ಕೊಡುತ್ತಿದ್ದರು. ತೋಳ ಬಾಗಿಲಿಗೆ ಬಂದು ಹೋದ ವರ್ಷ ಮಂದೆಗೆ ಕೇಡಿಲ್ಲ ಎಂಬ ನಂಬಿಕೆ. ಆದರೆ ಕಟ್ಟುನಿಟ್ಟಿನ ಒಂದು ನಿಯಮವಿತ್ತು: ಒಂದು ತೋಳಕ್ಕೆ ಒಂದೇ ಸುಗ್ಗಿ. ಮೆರವಣಿಗೆ ಮುಗಿದ ಮೇಲೆ ಹೊಡೆದವನೇ ಅದನ್ನು ಕಾವಲಿನ ಅಂಚಿಗೆ ಒಯ್ದು ಸುಡಬೇಕು.

ಆ ವರ್ಷವೂ ತೋಳ ಬಂತು. ಇಬ್ಬನಿ ಆರದ ಒಂದು ಬೆಳಿಗ್ಗೆ ಪ್ರಾರ್ಥನೆ ಮುಗಿಯುವ ಹೊತ್ತಿಗೆ ತಮಟೆ ಕೇಳಿಸಿತು. ಹಾಲಪ್ಪ ಗಳದ ಮುಂದಿನ ತುದಿಯನ್ನು ಹೊತ್ತಿದ್ದ. ಹಿಂದೆ ಅರ್ಧ ಊರು ಬರುತ್ತಿತ್ತು. ರುದ್ರಪ್ಪನವರು ತರಗತಿಗೆ ಹೊರಟ ಮಕ್ಕಳನ್ನು ತಡೆದು ಜಗಲಿಯ ಮೇಲೆ ಸಾಲಾಗಿ ನಿಲ್ಲಿಸಿದರು. ಮೆರವಣಿಗೆಯನ್ನು ಅಂಗಳದಲ್ಲಿ ನಿಲ್ಲಿಸಿ, ಕಾಯಿ ಒಡೆದು, ತಮಟೆಯವನಿಗೆ ಸುಮ್ಮನಿರಲು ಹೇಳಿ, ಮಕ್ಕಳ ಕಡೆ ತಿರುಗಿದರು. ನನಗೆ ಬುದ್ಧಿ ಹೇಳಬೇಕೆಂಬುದು ಅವರ ಉದ್ದೇಶ. ಅದಕ್ಕೆ ಅವರು ಆರಿಸಿಕೊಂಡದ್ದು ತಮಗೆ ಒಗ್ಗಿದ ದಾರಿ, ಬಾಯಿಲೆಕ್ಕ.

‘ಹೋದ ವರ್ಷದ ಹಿಂದಿನ ವರ್ಷ ಒಂದು ತೋಳ ಬಂತು. ಹೋದ ವರ್ಷ ಒಂದು ಬಂತು. ಈ ವರ್ಷ ಒಂದು ಬಂದಿದೆ. ಒಟ್ಟು ಎಷ್ಟು?’

ಮಕ್ಕಳೆಲ್ಲ ಒಟ್ಟಿಗೆ ಮೂರು ಸಾ ಎಂದರು. ಹಾಗಾದರೆ ತೋಳ ಕಡಿಮೆಯಾಗಿದೆಯೋ ಇಲ್ಲವೋ ಎಂದು ಅವರು ಕೇಳುವಷ್ಟರಲ್ಲಿ, ಏಳನೇ ತರಗತಿಯ ಸಾಲಿನಿಂದ ಕೆಂಚಮ್ಮನ ದನಿ ಬಂತು.

‘ಮೂರಲ್ಲ ಸಾ. ಒಂದೇ.’

ಅವಳು ಜೋರಾಗಿ ಹೇಳಲಿಲ್ಲ. ತರಗತಿಯಲ್ಲಿ ತಪ್ಪು ಉತ್ತರ ತಿದ್ದುವ ಮಕ್ಕಳು ಹೇಳುವ ಹಾಗೆಯೇ ಹೇಳಿದಳು. ರುದ್ರಪ್ಪನವರು, ಏನಮ್ಮಾ ಅದು, ಸರಿಯಾಗಿ ಹೇಳು ಎಂದು ಗದರಿದರು. ಅವಳು ಕೈ ತೋರಿಸಿದಳು.

‘ಅದೇ ತೋಳ ಸಾ. ಒಂದ್ ಕಣ್ಣು ಅಂಟುವಾಳದ ಬೀಜ, ಒಂದ್ ಕಣ್ಣು ಕೋಟಿನ ಗುಂಡಿ. ಬೀಜ ಇಲಿ ತಿಂದಿತ್ತು ಅಂತ ಗುಂಡಿ ನಾನೇ ಹೊಲಿದಿದ್ದು.’

ಎಲ್ಲರೂ ನೋಡಿದರು. ನಾನೂ ನೋಡಿದೆ. ಎಡಗಣ್ಣಿನಲ್ಲಿ ನಾಲ್ಕು ತೂತಿನ ಕರಿ ಗುಂಡಿ, ಅದರಲ್ಲಿ ಬಿಳಿಯ ನೂಲು. ಕಿವಿಯ ಬುಡದಲ್ಲಿ ಕೂದಲು ಉದುರಿ ಚರ್ಮ ಚಕ್ಕಳವಾಗಿತ್ತು, ಹೊಟ್ಟೆಯ ಹೊಲಿಗೆಯ ಮೇಲೆ ಇನ್ನೊಂದು ಹೊಲಿಗೆಯಿತ್ತು. ಹಾಲಪ್ಪ ಗಳವನ್ನು ಇಳಿಸಲಿಲ್ಲ, ಮಗಳ ಕಡೆ ನೋಡಲೂ ಇಲ್ಲ. ಯಾರೋ ಒಬ್ಬ ನಕ್ಕ. ಆಮೇಲೆ ಅಂಗಳವೆಲ್ಲ ನಕ್ಕಿತು. ಒಬ್ಬರು, ‘ಲೇ ಹಾಲಪ್ಪ, ಗುಂಡಿ ಯಾವ ಟೈಲರ್ ಹತ್ರ ಕಡ ತಂದೆಯೋ’ ಅಂದರು. ಆರತಿ ಎತ್ತಿದ್ದ ಒಬ್ಬ ಮುದುಕಿ ಮಾತ್ರ ನಗಲಿಲ್ಲ. ತಟ್ಟೆಯ ದೀಪವನ್ನು ಸೆರಗಿನಿಂದ ನಂದಿಸಿ ಹೊರಟುಹೋದಳು.

ಆ ಅಂಗಳದಲ್ಲಿ ಒಂದು ಸಂಗತಿ ಸಾಬೀತಾಗಿತ್ತು. ಮೂರು ವರ್ಷದಲ್ಲಿ ಆ ಸೀಮೆಯಲ್ಲಿ ಸಿಕ್ಕಿದ್ದು ಒಂದೇ ತೋಳ. ನಾನು ಆರು ತಿಂಗಳು ಹೇಳಿದ್ದನ್ನು ಒಬ್ಬ ಹುಡುಗಿ ಒಂದು ಗುಂಡಿ ತೋರಿಸಿ ಹೇಳಿದ್ದಳು. ಆದರೆ ಅಲ್ಲಿ ನೆರೆದಿದ್ದ ಒಬ್ಬರೂ ಅದನ್ನು ಹಾಗೆ ತೆಗೆದುಕೊಳ್ಳಲಿಲ್ಲ. ಅವರಿಗೆ ಕಂಡದ್ದು ತೋಳ ಇಲ್ಲ ಎಂಬುದಲ್ಲ, ಹಾಲಪ್ಪ ಮೋಸ ಮಾಡಿದ ಎಂಬುದು. ರುದ್ರಪ್ಪನವರಿಗೂ ಅಷ್ಟೇ. ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಅವರು, ‘ನಾನು ಕೂಡಿದ್ದು ಸರಿಯಾಗೇ ಇತ್ತು ಕಣ್ರೀ’ ಅಂದರು.

ಅಂದು ಸಂಜೆ ಕಟ್ಟೆಯಲ್ಲಿ ಸೇರಿದ ಹಿರಿಯರು ಏನು ತೀರ್ಮಾನಿಸಿದರೆಂಬುದು ನಾನು ಕೇಳಿ ತಿಳಿದದ್ದು. ಹಳೆಯ ತೋಳವನ್ನು ಸುಟ್ಟರು. ಯುಗಾದಿಯೊಳಗೆ ಹಾಲಪ್ಪ ಹೊಸ ತೋಳ ತಂದು ಊರ ಮುಂದೆ ಹಾಕಬೇಕು. ತರದಿದ್ದರೆ ಅವನ ಮಂದೆಯನ್ನು ಯಾರೂ ಹೊಲದಲ್ಲಿ ನಿಲ್ಲಿಸಿಕೊಳ್ಳುವಂತಿಲ್ಲ. ಗೊಬ್ಬರಕ್ಕಾಗಿ ಬೇಸಿಗೆಯಲ್ಲಿ ರಾತ್ರಿಯ ಹೊತ್ತು ಹೊಲಗಳಲ್ಲಿ ಕುರಿ ನಿಲ್ಲಿಸಿಕೊಂಡು, ಬದಲಿಗೆ ಕಾಳು ಕೊಡುವುದು ಅಲ್ಲಿನ ರೂಢಿ. ಕುರಿಯವರ ಮನೆಯ ವರ್ಷದ ಊಟ ಅದರಲ್ಲಿತ್ತು.

ಮಾರನೆಯ ದಿನ ಕೆಂಚಮ್ಮ ಬರಲಿಲ್ಲ. ಅದರ ಮಾರನೆಯ ದಿನವೂ ಇಲ್ಲ. ನಾನು ಮನೆಗೆ ಹೋದೆ. ಹಾಲಪ್ಪ ಬಾಗಿಲ ಹೊರಗೆ ಕುಳಿತು ಬಲೆಯ ಕಣ್ಣು ಕಟ್ಟುತ್ತಿದ್ದ. ಬನ್ನಿ ಎಂದ, ಕಂಬಳಿ ಹಾಸಿದ, ಮಜ್ಜಿಗೆ ತರಿಸಿದ. ಮಾತಿನಲ್ಲಿ ಮಾತ್ರ ಬಿಗಿಯಿತ್ತು.

ಎರಡು ವರ್ಷದ ಹಿಂದೆ ಹೊಡೆದದ್ದು ನಿಜವಾದ ತೋಳ, ಕೈಯಾರೆ ಹೊಡೆದದ್ದು ಎಂದು ಅವನು ಮೊದಲು ಹೇಳಿದ. ಮರುವರ್ಷ ಸುಗ್ಗಿಗೆ ಜನ ಬಂದು, ತೋಳ ಎಲ್ಲಿ, ಮೆರವಣಿಗೆ ಯಾವಾಗ ಎಂದು ಕೇಳತೊಡಗಿದರು. ಮಕ್ಕಳಿರುವವರು, ಕುರಿ ಹೆಚ್ಚಿರುವವರು, ತೋಳ ಬರದಿದ್ದರೆ ಈ ವರ್ಷ ಕೇಡು ಎಂದು ಹೆದರಿದವರು. ಅವನು ಬಲೆ ತೆಗೆದುಕೊಂಡು ಕಾವಲು ಸುತ್ತಿದ.

‘ಹುಡುಕಿದ್ವಿ ಕಣ್ರೀ ಮೇಷ್ಟ್ರೇ. ಸಖರಾಯಪಟ್ಟಣದ್ ಕಡೆ ಗುಡ್ಡದ್ ಬುಡದಗಂಟ ಹೋಗಿ ಬಂದ್ವಿ. ಸಿಕ್ಕಿದ್ರೆ ಹಳೇ ಚರ್ಮಕ್ಕೆ ಹುಲ್ಲು ತುಂಬ್ಕೊಂಡು ಯಾಕ್ ಹೊರ್ತಿದ್ದೆ?’

ನಾನು ಮಕ್ಕಳಿಗೆ ಹೇಳುತ್ತಿರುವುದೇ ಅದು ಎಂದೆ. ಇದನ್ನೇ ಕಟ್ಟೆಯಲ್ಲಿ ಹೇಳು, ನಾನೂ ಬಂದು ನಿಲ್ಲುತ್ತೇನೆ, ಮೋಸವಲ್ಲ, ತೋಳವೇ ಇಲ್ಲ ಎಂದು ಹೇಳೋಣ ಎಂದೆ. ಅವನು ಬಲೆಯಿಂದ ಕಣ್ಣು ಎತ್ತಲಿಲ್ಲ.

‘ನಗ್ತಾರೆ. ನಾಯಿ ಕಚ್ಚಿದ್ರೂ ತೋಳ ಅಂತಾರೆ, ಕಳ್ಳ ಹೊಡ್ಕಂಡೋದ್ರೂ ತೋಳ ಅಂತಾರೆ. ಅಂಥೋರ್ ಮುಂದೆ ತೋಳ ಇಲ್ಲ ಅಂದ್ರೆ, ಕೈಲಾಗ್ದೋನು ಅಂತಾರೆ. ನಂಗೆ ತೋಳ ಬೇಕು. ಮಾತು ಬೇಡ.’

ಹುಡುಗಿಯ ವಿಷಯ ಎತ್ತಿದೆ. ಅದಕ್ಕೂ ಅವನಲ್ಲಿ ಸಿದ್ಧವಾದ ಉತ್ತರವಿತ್ತು. ಇಲ್ಲ ಅಂದವಳು ಅವಳೇ, ಆದ್ದರಿಂದ ಹುಡುಕಲು ಅವಳೇ ಬರಲಿ. ಹೊಸ ತೋಳ ಊರ ಮುಂದೆ ಬಿದ್ದ ದಿನ ಅವಳನ್ನು ಸ್ಕೂಲಿಗೆ ಕಳಿಸುತ್ತೇನೆ, ಅಲ್ಲಿಯವರೆಗೆ ನನ್ನ ಜೊತೆ ಕಾವಲು ತಿರುಗಲಿ. ಕೆಂಚಮ್ಮ ಒಳಗಿನ ಬಾಗಿಲಿಗೆ ಒರಗಿ ನಿಂತಿದ್ದಳು. ಪಾಠ ಎಲ್ಲಿಯವರೆಗೆ ಬಂತು ಸಾ ಎಂದು ಕೇಳಿದಳು. ನಾನು ಹೇಳಿದೆ. ಅವಳು ತಲೆಯಾಡಿಸಿ ಒಳಗೆ ಹೋದಳು.

ಹೀಗೆ ವಿಷಯ ಒಂದು ಗಂಟಾಗಿ ನಿಂತಿತು. ಹುಡುಗಿ ಪರೀಕ್ಷೆ ಬರೆಯಬೇಕಾದರೆ ಒಂದು ತೋಳ ಸಾಯಬೇಕು. ತೋಳ ಉಳಿದರೆ ಹುಡುಗಿಯ ಓದು ಅಲ್ಲಿಗೆ ಮುಗಿಯಿತು. ಇವೆರಡನ್ನೂ ಒಂದಕ್ಕೊಂದು ಕಟ್ಟುವ ಅಗತ್ಯವೇ ಇರಲಿಲ್ಲ. ಆದರೆ ಅದನ್ನು ಬಿಚ್ಚಲು ಹೋದಲ್ಲೆಲ್ಲ ನನಗೆ ಬೇರೆಯವರ ಬಾಗಿಲು ತೋರಿಸಿದರು.

ತೋಳ ಕೊಲ್ಲುವುದು ಅಪರಾಧ, ಒಬ್ಬರು ಬಂದು ಊರಿಗೆ ಅಷ್ಟು ಹೇಳಿದರೆ ಹಿರಿಯರು ಪಟ್ಟು ಬಿಡಬಹುದು ಎಂಬುದು ನನ್ನ ಲೆಕ್ಕಾಚಾರ. ಎರಡು ಕಚೇರಿಗಳಿಗೆ ಅಲೆದೆ; ಯಾವುವು ಎಂದು ಈಗ ಬರೆದು ಪ್ರಯೋಜನವಿಲ್ಲ. ಮೊದಲನೆಯ ಕಡೆ ಒಬ್ಬ ಗುಮಾಸ್ತರು ನಕ್ಷೆ ಬಿಡಿಸಿ ನೋಡಿ, ಕಾವಲು ಕಾಡಲ್ಲ, ಅಲ್ಲಿ ಮರವೇ ಇಲ್ಲ, ಅದು ಬೇರೆಯವರ ಜಾಗ ಎಂದರು. ಎರಡನೆಯ ಕಡೆ ಆ ಬೇರೆಯವರು, ನಮಗೆ ಸೇರಿದ್ದು ಹುಲ್ಲು ಮತ್ತು ದನ, ತೋಳ ನಮ್ಮ ಲೆಕ್ಕದಲ್ಲಿ ಇಲ್ಲ ಎಂದರು. ಇಬ್ಬರೂ ಮರ್ಯಾದೆಯಿಂದಲೇ ಮಾತಾಡಿದರು, ಕುರ್ಚಿ ಕೊಟ್ಟರು. ವಾಪಸ್ಸು ಬರುವಾಗ ಕಡೂರಿನಲ್ಲಿ ಕೊನೆಯ ಬಸ್ಸು ತಪ್ಪಿ, ಈರುಳ್ಳಿ ಇಳಿಸಿ ಬರುತ್ತಿದ್ದ ಒಂದು ಲಾರಿಯಲ್ಲಿ ಯಗಟಿಗೆ ಬಂದು, ಅಲ್ಲಿಂದ ನಡೆದೆ.

ಶಾಲಾ ಇನ್‌ಸ್ಪೆಕ್ಟರು ತಪಾಸಣೆಗೆ ಬಂದಾಗ ಅವರಿಗೂ ಹೇಳಿದೆ. ಅವರು ಹೊಸಬರು, ಉತ್ಸಾಹಿ. ಕೇಳಿ ಸಂತೋಷಪಟ್ಟರು. ಅಳಿವಿನ ಅಂಚಿನ ಪ್ರಾಣಿಗಳ ಬಗ್ಗೆ ಮಕ್ಕಳಲ್ಲಿ ಇಷ್ಟು ಆಸಕ್ತಿ ಇರುವುದು ಒಳ್ಳೆಯದು, ಒಂದು ಚಾರ್ಟ್ ಮಾಡಿಸಿ ಗೋಡೆಗೆ ಹಾಕಿಸಿ ಎಂದರು. ಹುಡುಗಿಯ ವಿಷಯಕ್ಕೆ, ತಂದೆಯ ಒಪ್ಪಿಗೆ ಇಲ್ಲದೆ ನಾವೇನು ಮಾಡಲು ಸಾಧ್ಯ ಎಂದರು. ಚಾರ್ಟ್ ಮಾಡಿಸಿದೆ. ತೋಳದ ಚಿತ್ರ ಎಲ್ಲೂ ಸಿಗದೆ ಒಬ್ಬ ಹುಡುಗ ಕ್ಯಾಲೆಂಡರಿನ ಸಿಂಹವನ್ನು ಕತ್ತರಿಸಿ ತಂದ. ಅದನ್ನೇ ಅಂಟಿಸಿದರು.

ರುದ್ರಪ್ಪನವರು ಕೈಕಟ್ಟಿ ಕೂರಲಿಲ್ಲ ಎಂಬುದನ್ನೂ ಹೇಳಬೇಕು. ಸಂಕ್ರಾಂತಿ ಕಳೆದ ಮೇಲೆ ಅವರೇ ಹಾಲಪ್ಪನ ಮನೆಗೆ ಹೋಗಿ, ಹುಡುಗಿ ಜಾಣೆ, ಬಿಟ್ಟುಬಿಡಪ್ಪಾ ಎಂದು ಕೇಳಿದರಂತೆ. ಹಾಲಪ್ಪ, ಮೂರು ಅಂತ ಲೆಕ್ಕ ಹಾಕಿಸಿದವರು ನೀವೇ ಅಲ್ಲವೇ ಸ್ವಾಮಿ ಅಂದನಂತೆ. ಅಲ್ಲಿಂದ ಮೇಲೆ ರುದ್ರಪ್ಪನವರು ಆ ವಿಷಯ ಎತ್ತಲಿಲ್ಲ. ಆದರೆ ಪರೀಕ್ಷೆಯ ನಂಬರುಗಳು ಬಂದ ದಿನ ಅವಳ ನಂಬರಿನ ಚೀಟಿಯನ್ನು ತಮ್ಮ ಅಂಗಿಯ ಜೇಬಿನಲ್ಲಿ ಇಟ್ಟುಕೊಂಡರು. ಬೇರೆಯವರದ್ದನ್ನು ಮೇಜಿನ ಮೇಲೆ ಇಟ್ಟರು.

ಶಿವರಾತ್ರಿ ಕಳೆಯಿತು. ಚಳಿ ಹೋಗಿ ಒಮ್ಮೆಲೇ ಬಿಸಿಲು ಬಂತು. ಕಾವಲಿನ ಹುಲ್ಲು ಬೆಳ್ಳಗಾಗಿ, ಅಂಚಿನ ಮುತ್ತುಗದ ಮರಗಳು ಎಲೆ ಉದುರಿಸಿ ಹೂ ಬಿಟ್ಟವು. ಪಾಠಗಳು ಮುಗಿದು ಪುನರಾವರ್ತನೆ ನಡೆದಿತ್ತು. ಕೆಲವು ದಿನ ಸಂಜೆಯ ಹೊತ್ತಿಗೆ ದೂರದಲ್ಲಿ ಹಾಲಪ್ಪನೂ ನಾಯಿಗಳೂ, ಅವರಿಗಿಂತ ಬಹಳ ಮುಂದೆ ಕೆಂಚಮ್ಮನೂ ಹೋಗುವುದು ಸ್ಕೂಲಿನ ಜಗಲಿಯಿಂದ ಕಾಣುತ್ತಿತ್ತು. ಅವಳ ತಲೆಯ ಮೇಲೆ ಬುತ್ತಿಯ ಗಂಟು. ಏಳನೇ ತರಗತಿಯ ಮಕ್ಕಳು ಅವಳನ್ನು ತೋಳದಕೆಂಚಿ ಎಂದು ಕರೆಯತೊಡಗಿದ್ದರು. ಒಬ್ಬ ಹುಡುಗ ನನ್ನ ಎದುರಿಗೇ, ಅವಳು ಬಾಯಿ ಮುಚ್ಚಿಕ್ಕಂಡಿದ್ರೆ ಆಗ್ತಿತ್ತು ಸಾ ಅಂದ. ಅವನನ್ನು ಬೈದೆ. ಸತ್ಯ ಹೇಳಿದರೆ ಏನಾಗುತ್ತದೆಂದು ಆ ವರ್ಷ ಆ ತರಗತಿ ಚೆನ್ನಾಗಿಯೇ ಕಲಿತಿತ್ತು, ಬೈಗುಳದಿಂದ ಅದನ್ನು ಅಳಿಸುವುದು ಸಾಧ್ಯವಿರಲಿಲ್ಲ.

ಪರೀಕ್ಷೆ ಸೋಮವಾರ ಶುರು. ಭಾನುವಾರ ಬೆಳಿಗ್ಗೆ ಬೇಗ ಎದ್ದು ಕಾವಲಿಗೆ ಹೋದೆ. ಕೊನೆಯ ಸಲ ಕೇಳಿ ನೋಡಬೇಕು ಎಂದಷ್ಟೇ. ಹಳ್ಳದ ಮೇಲಿನ ಏರಿಯಲ್ಲಿ ಹಾಲಪ್ಪ ಸಿಕ್ಕಿದ. ಗಡ್ಡ ಬೆಳೆದಿತ್ತು, ಕಣ್ಣು ಒಳಗೆ ಹೋಗಿತ್ತು. ಎರಡು ನಾಯಿಗಳನ್ನು ಹಗ್ಗದಲ್ಲಿ ಹಿಡಿದುಕೊಂಡಿದ್ದ. ಕೆಂಚಮ್ಮ ಎಲ್ಲಿ ಎಂದರೆ, ಕೆಳಗೆ ಹಳ್ಳದ ಮರಳಿನಲ್ಲಿ ಹೆಜ್ಜೆ ನೋಡಲು ಕಳಿಸಿದ್ದೇನೆ, ಅವಳ ಕಣ್ಣು ಚುರುಕು ಎಂದ. ನಾನು ನಾಳೆಯ ಪರೀಕ್ಷೆಯ ಮಾತು ಎತ್ತಿದೆ. ಅವನಿಗೂ ಗೊತ್ತಿತ್ತು. ಈ ಸಲ ಅವನ ದನಿಯಲ್ಲಿ ಮೊದಲಿನ ಬಿಗಿ ಇರಲಿಲ್ಲ, ಆಯಾಸವಿತ್ತು.

‘ನಂಗೂ ಅವಳ್ನ ಕಳಿಸ್ಬೇಕು ಅಂತೈತೆ ಮೇಷ್ಟ್ರೇ. ಒಂದ್ ಹೆಜ್ಜೆ ಸಾಕು. ನಾಯಿ ಅಡ್ಡಾದಿಡ್ಡಿ ಹೋಯ್ತದೆ, ತೋಳ ದಾರ ಹಿಡ್ದಂಗೆ ನೆಟ್ಟಗೆ ಹೋಯ್ತದೆ. ಅಂಥ ಸಾಲೊಂದು ಕಂಡ್ರೆ ಈ ನಾಯಿಗಳ್ನ ಬಿಟ್ಟು ಸಂಜೆಯೊಳಗೆ ಊರ್ ಮುಂದೆ ತಂದ್ ಹಾಕ್ತೀನಿ. ನಾಳೆ ಬೆಳಿಗ್ಗೆ ನಾನೇ ಕರ್ಕಂಡ್ ಬತ್ತೀನಿ.’

ನಾನು ಏರಿ ಇಳಿದು ಹಳ್ಳಕ್ಕೆ ಹೋದೆ. ಬಿಸಿಲು ಇನ್ನೂ ಓರೆಯಾಗಿತ್ತು. ಮರಳಿನ ಮೇಲಿನ ಸಣ್ಣ ತಗ್ಗಿಗೂ ನೆರಳಿತ್ತು. ಕೆಂಚಮ್ಮ ಹಳ್ಳದ ನಡುವೆ ನಿಧಾನವಾಗಿ ನಡೆಯುತ್ತಿದ್ದಳು. ಕಾಲು ಎತ್ತಿ ಇಡುತ್ತಿರಲಿಲ್ಲ, ಮರಳಿನಲ್ಲಿ ಎಳೆಯುತ್ತಿದ್ದಳು. ತಿಂಗಳುಗಟ್ಟಲೆ ಅಲೆದ ಸುಸ್ತು ಎಂದುಕೊಂಡು ಹತ್ತಿರ ಹೋದೆ. ಅವಳ ಹಿಂದೆ ಮರಳು ಅಗಲವಾಗಿ, ಹದವಾಗಿ ಕಲಕಿಹೋಗಿತ್ತು. ಅವಳ ಮುಂದೆ, ಅವಳಿನ್ನೂ ಮುಟ್ಟದ ಕಡೆ, ಹೆಜ್ಜೆಗಳಿದ್ದವು. ಒಂದರ ಮುಂದೊಂದು, ನೆಟ್ಟಗೆ, ಹಳ್ಳ ತಿರುಗುವ ಕಡೆಗೆ, ಬೋರೆ ಪೊದೆಗಳತ್ತ. ಆ ವರ್ಷವೆಲ್ಲ ನಾನು ಪಾಠ ಮಾಡಿದ ಪ್ರಾಣಿಯ ಗುರುತು ನನ್ನ ಕಣ್ಣಿಗೆ ಬಿದ್ದದ್ದು ಆಗ, ಅದೊಂದೇ ಸಲ.

ಅವಳು ನನ್ನನ್ನು ನೋಡಿ ನಿಂತಳು. ಗಾಬರಿಯಾಗಲಿಲ್ಲ.

‘ಒಂದೇ ಐತೆ ಸಾ’ ಅಂದಳು. ‘ಇನ್ನೊಂದರ ಹೆಜ್ಜೆ ಎಲ್ಲೂ ಸಿಗಲ್ಲ.’

ಎಷ್ಟು ದಿನದಿಂದ ಹೀಗೆ ಎಂದು ಕೇಳಿದೆ. ಅವಳು ಎದುರಿನ ಹೆಜ್ಜೆಯ ಮೇಲೆ ಕಾಲು ಎಳೆದಳು. ನಾಳೆ ಪರೀಕ್ಷೆ, ನಿನ್ನ ನಂಬರು ಬಂದಿದೆ, ಹೆಡ್‌ಮಾಸ್ಟರ ಹತ್ತಿರ ಇದೆ ಎಂದೆ. ಅವಳು ಒಂದು ಕ್ಷಣ ನೆಲ ನೋಡಿದಳು. ಆಸೆಯಿಲ್ಲದೆ ಅಲ್ಲ, ಅದು ಮುಖದಲ್ಲಿ ಕಾಣುತ್ತಿತ್ತು.

‘ಪರೀಕ್ಷೆ ಮುಂದಿನ್ ವರ್ಷಾನೂ ಬತ್ತೈತೆ ಸಾ.’

ಹೇಳಿದವಳೇ ಮತ್ತೆ ಕಾಲು ಎಳೆಯತೊಡಗಿದಳು. ಮುಂದಿನ ವರ್ಷ ಅವಳನ್ನು ಯಾರೂ ಕಳಿಸುವುದಿಲ್ಲ ಎಂಬುದು ನನಗೆ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಮೇಲಿನ ಏರಿಯಿಂದ ಹಾಲಪ್ಪ ಕೂಗಿದ.

‘ಏನಾರ ಕಂಡಿತೇನವ್ವಾ?’

‘ನಾಯಿ ಕಣಪ್ಪ’ ಎಂದು ಅವಳು ಕೂಗಿದಳು. ‘ಬರೀ ನಾಯಿ.’

ಹಾಲಪ್ಪ ಏರಿಯ ಅಂಚಿಗೆ ಬಂದು ನಿಂತು ನನ್ನನ್ನು ನೋಡಿದ. ಮಗಳ ಮಾತಿಗಿಂತ ಮೇಷ್ಟ್ರ ಮಾತು ಹೆಚ್ಚು ಎಂಬ ಹಾಗೆ ಕಾದ. ತಿರುವಿನವರೆಗೆ ಇನ್ನೂ ನಾಲ್ಕಾರು ಹೆಜ್ಜೆಗಳು ಉಳಿದಿದ್ದವು. ಅವನು ನಿಂತಲ್ಲಿಂದ ಅವು ಕಾಣುವಂತಿರಲಿಲ್ಲ. ನಾನು ಅವುಗಳ ಮೇಲೆ ನಡೆದು ಹೋಗಿ, ಅವನಿಗೆ ಕೇಳುವಂತೆ, ಹೌದು ಹಾಲಪ್ಪ, ನಾಯಿ ಎಂದೆ.

ಅವನು ನಾಯಿಗಳ ಹಗ್ಗವನ್ನು ಕೈಗೆ ಇನ್ನೊಂದು ಸುತ್ತು ಸುತ್ತಿಕೊಂಡು ಯಗಟಿಯ ಕಡೆಗೆ ತಿರುಗಿದ. ಕೆಂಚಮ್ಮ ದಡದ ಮೇಲಿಟ್ಟಿದ್ದ ಬುತ್ತಿಯ ಗಂಟನ್ನು ತಲೆಯ ಮೇಲೆ ಇಟ್ಟುಕೊಂಡು ಅವನ ಹಿಂದೆ ಹೊರಟಳು.